ಇಳಿಯುವ ಮುಂಚೆ ನೋಡುವ ಮುಖ

ಚಾಂಪಿಯನ್ ರೀಫ್ಸ್
ಬುಧವಾರ, ೧೮ ನವೆಂಬರ್ ೧೯೫೯

ನಮ್ಮ ಆದಿಲಕ್ಷ್ಮಿಯ ಅಪ್ಪನಿಗೆ, ನಿಮ್ಮ ರತ್ನ ಹೆದರಿ ಹೆದರಿ ಬರೆಯುವುದು,

ಮದುವೆಯಾಗಿ ಆರು ವರ್ಷದಲ್ಲಿ ನಿಮ್ಮ ಹೆಸರನ್ನು ನಾನು ಒಂದು ಸಲವೂ ಬಾಯಿಬಿಟ್ಟು ಹೇಳಿದವಳಲ್ಲ. ಇವತ್ತು ಕವರಿನ ಮೇಲೆ ‘ಬಚ್ಚಪ್ಪನವರಿಗೆ’ ಅಂತ ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟೆ. ಗಂಡನ ಹೆಸರು ಹಿಡಿದರೆ ಅವನ ಆಯುಸ್ಸು ಕಮ್ಮಿಯಾಗುತ್ತದಂತೆ. ಆಗಲಿ ಬಿಡಿ, ನಿಮ್ಮದು ಗಟ್ಟಿ ಜೀವ, ನಾಲ್ಕು ದಿನ ಕಮ್ಮಿಯಾದರೆ ತಡೆದುಕೊಳ್ಳುತ್ತೀರಿ. ನನಗೆ ಈಗ ಇರುವ ಹೆದರಿಕೆ ಬೇರೆಯದು. ಪಕ್ಕದ ಮನೆ ಆರುಮುಗಂ ನಾಳೆ ರಜಾ ಹಾಕಿ ಈ ಕಾಗದವನ್ನು ನಿಮ್ಮೂರಿಗೆ ತಂದು ನಿಮ್ಮ ಕೈಗೇ ಕೊಡುತ್ತಾನೆ. ಅತ್ತೆಯ ಎದುರಿಗೆ ಓದಬೇಡಿ. ಹರಿಯಬೇಡಿ. ಕೋಪ ಬಂದರೆ ಮಡಿಸಿ ಜೇಬಿಗೆ ಹಾಕಿಕೊಂಡು, ಆಮೇಲೆ ಮತ್ತೆ ತೆಗೆದು ಓದಿ.

ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಕೊನೆಯವರೆಗೆ ಓದುತ್ತೀರೋ ಇಲ್ಲವೋ. ಬರುವ ಸೋಮವಾರಕ್ಕೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಮಗುವಿಗೆ ಹಾಸಿಗೆ ಇಟ್ಟಿದ್ದಾರೆ. ಇವತ್ತು ಬುಧವಾರ. ನೀವು ಅವಳನ್ನು ಕರೆದುಕೊಂಡು ಬಂದರೆ ಬಲಗಣ್ಣು ಹೋಗುತ್ತದೆ, ಮಗು ಉಳಿಯುತ್ತದೆ. ಬರದೆ ಇದ್ದರೆ ಏನಾಗುತ್ತದೆ ಅನ್ನುವುದನ್ನು ಬರೆಯಲು ನನ್ನ ಪೆನ್ನು ಓಡುವುದಿಲ್ಲ. ಡಾಕ್ಟರು ಹೇಳಿದ್ದನ್ನು ನೀವೂ ಕೇಳಿಸಿಕೊಂಡಿದ್ದೀರಿ.

ಹೋದ ಗುರುವಾರ ಆ ಕತ್ತಲೆ ಕೋಣೆಯಲ್ಲಿ ಅವರು ಕನ್ನಡಿಯಿಂದ ಬೆಳಕು ಹಾಯಿಸಿ ನೋಡಿ, “ಇದು ಕ್ಯಾನ್ಸರ್. ಇನ್ನೂ ಕಣ್ಣಿನ ಒಳಗೇ ಇದೆ. ನರ ಹಿಡಿದು ಮಿದುಳಿಗೆ ಹೋಯಿತೋ, ಆಮೇಲೆ ನನ್ನ ಕೈಲಿ ಏನೂ ಇಲ್ಲ” ಅಂದರಲ್ಲ, ನೀವು ಗೋಡೆಗೆ ಒರಗಿಕೊಂಡಿರಿ. ಆಗ ಅವರು ನನ್ನ ಕಡೆ ತಿರುಗಿ ಕೇಳಿದರು: “ಅಮ್ಮಾ, ನಿಮ್ಮ ಎಡಗಣ್ಣು ಹೇಗೆ ಹೋಯಿತು?” ಕರುವಿನ ಕೊಂಬು ತಾಗಿ ಹೋಯಿತು ಅನ್ನುವ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಇಪ್ಪತ್ತೆರಡು ವರ್ಷ ಹೇಳಿ ಹೇಳಿ ರೂಢಿಯಾದ ಮಾತು. ಆದರೆ ಮಗು ನನ್ನ ತೊಡೆಯ ಮೇಲೆ ಕೂತು ನನ್ನ ಬಳೆ ಎಣಿಸುತ್ತಿತ್ತು. ನಿಜ ಹೇಳಿದೆ. ಮೂರು ವರ್ಷದವಳಿದ್ದಾಗ ಇದೇ ಕಾಯಿಲೆಯಾಗಿ ತೆಗೆಸಿದರು ಅಂತ ಹೇಳಿದೆ.

ಕರು ಹಾಯಲಿಲ್ಲ. ಕರುವೇ ಇರಲಿಲ್ಲ. ನಮ್ಮಪ್ಪನ ಮನೆಯಲ್ಲಿ ಯಾವತ್ತೂ ಹಸು ಕಟ್ಟಿದ್ದೇ ಇಲ್ಲ. ಪೆಟ್ಟಾಗಿ ಹೋದ ಕಣ್ಣಾದರೆ ಹೆಣ್ಣಿಗೆ ಗಂಡು ಸಿಕ್ಕಾನು, ರೋಗ ಬಂದು ಹೋದ ಕಣ್ಣು ಅಂದರೆ ಯಾರು ಬರುತ್ತಾರೆ ಅಂತ ನಮ್ಮಮ್ಮ ಆ ಕರುವನ್ನು ಹುಟ್ಟಿಸಿದಳು. ನಾನು ಅದಕ್ಕೆ ಕೆಂಚು ಬಣ್ಣ ಕೊಟ್ಟೆ. ನೀವು ಪಾಪ ಅದನ್ನು ಎಷ್ಟು ಬೈದಿದ್ದೀರಿ! “ಆ ಕೆಂಚು ಕರ ನನ್ ಕೈಗೆ ಸಿಕ್ಕಿದ್ರೆ ಸೀಳ್ಬಿಡ್ತಿದ್ದೆ ಕಣೇ” ಅಂತ ಹಲ್ಲು ಕಡಿಯುತ್ತಿದ್ದಿರಿ. ನಾನು ನಗುತ್ತಾ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದೆ. ಇವತ್ತಲ್ಲ ನಾಳೆ ಹೇಳಿದರಾಯಿತು ಅಂತ ಆರು ವರ್ಷ ತಳ್ಳಿದೆ. ತಪ್ಪು ನನ್ನದೇ. ಅದಕ್ಕೆ ನೀವು ಏನು ಶಿಕ್ಷೆ ಕೊಟ್ಟರೂ ಸರಿ, ನನಗೆ ಕೊಡಿ, ಮಗುವಿಗೆ ಕೊಡಬೇಡಿ.

ಆಸ್ಪತ್ರೆಯಿಂದ ವಾಪಸು ಬರುತ್ತಾ ಬಂಗಾರಪೇಟೆಯಲ್ಲಿ ಗಾಡಿ ಬದಲಾಯಿಸಲು ಇಳಿದಾಗ ನೀವು ಮಗುವನ್ನು ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡದೆ ಹೇಳಿದಿರಿ: “ನೀನ್ ಮನೀಗ್ ಓಗು. ಮಗೀನ ಅವ್ವನತ್ರ ಕರ್ಕಂಡ್ ಓಗ್ತೀನಿ.” ನಾನು ಸೆರಗೊಡ್ಡಿ ಬೇಡಿಕೊಂಡೆ. ಆಗ ಅಂದಿರಿ, “ಕಣ್ಣು ಕೀಳಿಸ್ಕಂಡು ನಿನ್ನಂಗೆ ಬದುಕಾದ್ಕಿಂತ...” ಅಷ್ಟು ಹೇಳಿ ತುಟಿ ಕಚ್ಚಿಕೊಂಡಿರಿ. ಆ ಮಾತನ್ನು ನೀವು ಮುಗಿಸಲಿಲ್ಲ. ಆರು ದಿನದಿಂದ ಮುದ್ದೆ ತಿರುವುವಾಗ, ನೀರು ಹಿಡಿಯುವಾಗ ನಾನೇ ಅದನ್ನು ಮುಗಿಸುತ್ತಾ ಇದ್ದೇನೆ.

ನನ್ನಂತೆ ಅಂದರೆ ಹೇಗೆ? ನನ್ನ ಬದುಕನ್ನು ನೀವು ಆರು ವರ್ಷ ಪಕ್ಕದಲ್ಲೇ ಇದ್ದು ನೋಡಿದ್ದೀರಿ. ಅಷ್ಟು ಕೆಟ್ಟದಾಗಿ ಕಂಡಿತೇ? ಸುಳ್ಳು ಹೇಳಿ ಸಾಕಾಗಿದೆ, ಇವತ್ತು ಇದ್ದದ್ದು ಇದ್ದಂತೆ ಬರೆಯುತ್ತೇನೆ. ಆಮೇಲೆ ನೀವೇ ತೂಕ ಹಾಕಿ.

ಚಿಕ್ಕಂದಿನಲ್ಲಿ ‘ಒಕ್ಕಣ್ಣಿ’ ಅನ್ನಿಸಿಕೊಂಡೆ. ಮೊದಮೊದಲು ಅಳುತ್ತಿದ್ದೆ, ಆಮೇಲೆ ಅಂದವರ ಕೈ ಕಚ್ಚುವುದನ್ನು ಕಲಿತೆ. ಹದಿನಾಲ್ಕಕ್ಕೆ ಗಾಜಿನ ಕಣ್ಣು ಹಾಕಿಸಿದರು. ನನ್ನ ಅಳತೆಗೆ ಸಿಕ್ಕಿದ್ದು ಅದೊಂದೇ, ಬಣ್ಣ ಸ್ವಲ್ಪ ತಿಳಿ. ನಮ್ಮ ಲೈನುಮನೆಗಳ ಹೆಂಗಸರು ಅದಕ್ಕೆ ‘ದೊರೆಸಾನಿ ಕಣ್ಣು’ ಅನ್ನುತ್ತಾರೆ ಅಂತ ನಿಮಗೂ ಗೊತ್ತು. ದಿನಾ ತೆಗೆದು ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆಯಬೇಕು, ಧೂಳಿನ ಗಾಳಿ ಎದ್ದ ದಿನ ಆ ಗುಳಿ ಉರಿಯುತ್ತದೆ. ಮದುವೆ ಮನೆಗಳಲ್ಲಿ ನನ್ನನ್ನು ಆರತಿಗೆ ಕರೆಯುವುದಿಲ್ಲ, ಹಪ್ಪಳ ಕರಿಯಲು ಕರೆಯುತ್ತಾರೆ. ದಾರದ ಎಳೆ ಸೂಜಿಗೆ ಹೋಗುವುದು ನಾಲ್ಕನೇ ಸಲಕ್ಕೆ. ಮೆಟ್ಟಿಲು ಇಳಿಯುವಾಗ ಕೊನೆಯ ಮೆಟ್ಟಿಲು ಎಲ್ಲಿದೆ ಅಂತ ಕಾಲಿನಿಂದ ತಡಕುತ್ತೇನೆ. ಇದೆಲ್ಲ ಇದೆ, ಇಲ್ಲ ಅನ್ನುವುದಿಲ್ಲ.

ಮೊದಲ ಶಿಫ್ಟಿನ ವಿಷಯವೂ ಇದೆ. ಸೈರನ್ ಕೂಗಿದ ಮೇಲೆ ಗಂಡಸರೆಲ್ಲ ದಾಟಿ ಹೋಗುವವರೆಗೆ ನಾನು ಬಾಗಿಲು ಹಾಕಿಕೊಂಡು ಒಳಗಿರಬೇಕು. ಯಾರೂ ಬರೆದಿಟ್ಟ ಕಾನೂನಲ್ಲ. ಆದರೆ ಚಿನ್ನದ ಗಣಿಗೆ ಇಳಿಯುವವರಿಗೆ ಒಕ್ಕಣ್ಣಿ ಎದುರಾದರೆ ಕೆಡುಕು ಅಂತ ಮಾರಿಯಮ್ಮ, ಈ ಆರುಮುಗನ ಹೆಂಡತಿಯೇ, ನಾವು ಈ ಮನೆಗೆ ಬಂದ ಮೊದಲ ವಾರ ಕೈ ಮುಗಿದು ಕೇಳಿಕೊಂಡಳು: “ತಪ್ಪು ತಿಳ್ಕೋಬೇಡ ಅಕ್ಕಾ, ಕೆಳಗೆ ಓಗೋರ್ದು ಉಸುರು ಕೈಯಲ್ಲಿ ಇರ್ತದೆ.” ನಾನು ತಪ್ಪು ತಿಳಿಯಲಿಲ್ಲ. ಮೈಲಿಗಟ್ಟಲೆ ಆಳಕ್ಕೆ ಹೋಗುವ ಗಂಡಂದಿರು, ಅವರ ಭಯ ಅವರಿಗೆ. ಬೆಳಿಗ್ಗೆ ನನ್ನ ಮುಖ ತಪ್ಪಿಸುವ ಅದೇ ಹೆಂಗಸರು ಸಂಜೆ ಬಂದು “ಊರಿಗೊಂದು ಕಾಗದ ಬರ್ಕೊಡು” ಅಂತ ನನ್ನ ಮುಂದೆ ಕೂರುತ್ತಾರೆ. ಇಡೀ ಲೈನಿನ ಸುಖದುಃಖವನ್ನು ಈ ಒಂದು ಕಣ್ಣೇ ಓದುವುದು, ಬರೆಯುವುದು. ನಗು ಬರುತ್ತದೆ ಅಲ್ಲವೇ?

ಆದರೆ ನೀವು! ಮಾರಿಯಮ್ಮ ಹಾಗೆ ಹೇಳಿದ ಮಾರನೇ ಬೆಳಿಗ್ಗೆ ನಾನು ನಿಮಗೂ ಎದುರಾಗಬಾರದು ಅಂತ ಒಲೆಯ ಮುಂದೆ ಗೋಡೆಗೆ ಮುಖ ಮಾಡಿ ಕೂತಿದ್ದೆ. ನೀವು ಹೊಸ್ತಿಲವರೆಗೆ ಹೋಗಿ ವಾಪಸು ಬಂದಿರಿ. “ಎದ್ದೇಳೇ. ಬಾಗ್ಲಿಗ್ ಬಾ. ನಿನ್ ಮುಖ ನೋಡೇ ನಾನ್ ಇಳಿಯಾದು” ಅಂದಿರಿ. ಲೈನಿನ ಗಂಡಸರೆಲ್ಲ ತಲೆ ತಗ್ಗಿಸಿ ಬೇಗ ಬೇಗ ನಡೆದರು. ಏನಾದರೂ ಆದರೆ ನನ್ನಿಂದಲೇ ಆಯಿತು ಅನ್ನುತ್ತಾರಲ್ಲ ಅಂತ ಅವತ್ತು ಇಡೀ ದಿನ ದೇವರ ಪಟದ ಮುಂದೆ ಕೂತಿದ್ದೆ. ಸಂಜೆ ಮೈಯೆಲ್ಲ ಧೂಳಾಗಿ ನಗುತ್ತಾ ಬಂದಿರಿ. ಅವತ್ತಿನಿಂದ ಒಂದು ದಿನ ಬಿಟ್ಟಿಲ್ಲ. ಜ್ವರ ಬಂದು ನಾನು ಮಲಗಿದ್ದಾಗ ಹಾಸಿಗೆಯ ಹತ್ತಿರ ಬಂದು ನೋಡಿ ಹೋಗಿದ್ದೀರಿ. ಮೂರು ವರ್ಷದ ಹಿಂದೆ ಕೆಳಗೆ ಬಂಡೆ ಸಿಡಿದು ನಮ್ಮ ಮನೆಯ ಪಾತ್ರೆಗಳೆಲ್ಲ ಉರುಳಿದವಲ್ಲ, ಅವತ್ತೂ ನೋಡಿಯೇ ಇಳಿದಿದ್ದಿರಿ, ಅವತ್ತೂ ಬಂದಿರಿ. ದೇವರ ದಯೆ, ಯಾರ ಪ್ರಾಣವೂ ಹೋಗಲಿಲ್ಲ.

ಇನ್ನೂ ಹೇಳಬೇಕು. ನಾನು ಕಾಫಿ ಬಗ್ಗಿಸುವಾಗ ಅದು ಲೋಟದ ಆಚೆ ಬೀಳುತ್ತದೆ ಅಂತ ನೀವು ಯಾವತ್ತೂ ಒಂದು ಮಾತು ಆಡಲಿಲ್ಲ. ಲೋಟ ಎತ್ತಿ ಪಾತ್ರೆಯ ಬಾಯಿಗೆ ತಾಗಿಸಿ ಹಿಡಿಯುತ್ತೀರಿ, ಅಷ್ಟೇ. ಆಂಡರ್ಸನ್‌ಪೇಟೆಗೆ ಹೋದಾಗ ಯಾವಾಗಲೂ ನನ್ನ ಎಡಕ್ಕೆ ನಡೆಯುತ್ತೀರಿ. ಆ ಕಡೆಯಿಂದ ಬರುವ ಸೈಕಲ್ಲು ನನಗೆ ಕಾಣುವುದಿಲ್ಲ ಅಂತ ನಾನು ನಿಮಗೆ ಹೇಳಿದ್ದೇ ಇಲ್ಲ. ನಿಮ್ಮಷ್ಟಕ್ಕೆ ನೀವೇ ಕಂಡುಕೊಂಡಿರಿ. “ಒಂದ್ ಕಣ್ಣಾಗೇ ಇಂಗ್ ನೋಡ್ತೀಯ, ಎರಡಿದ್ದಿದ್ರೆ ನಾನ್ ಉಳೀತಿದ್ನೇನೇ?” ಅಂತ ಛೇಡಿಸುತ್ತಿದ್ದಿರಿ. ನನ್ನಂತೆ ಬದುಕುವುದು ಅಂದರೆ ಇದೂ ಅದರಲ್ಲೇ ಇದೆಯಲ್ಲವೇ? ರೀ, ನಾನು ಸುಖವಾಗಿದ್ದೇನೆ. ಯಾರೂ ಕೇಳಲಿಲ್ಲ ಅಂತ ಹೇಳಿರಲಿಲ್ಲ.

ಹೆದರಿಕೆ ಇಲ್ಲದೆ ಇದ್ದೆ ಅಂತ ಮಾತ್ರ ಹೇಳಲಾರೆ. ದಿನಾ ಬೆಳಿಗ್ಗೆ ಗಂಡಸರೆಲ್ಲ ಹೋದ ಮೇಲೆ ಬಾಗಿಲಲ್ಲಿ ನಿಂತು ಗಣಿಯ ಶಾಫ್ಟಿನ ಮೇಲಿನ ದೊಡ್ಡ ಗಾಲಿಯನ್ನು ನೋಡುತ್ತೇನಲ್ಲ, ನಿಮ್ಮನ್ನು ನೆನೆದು ನೋಡುತ್ತೇನೆ ಅಂತ ನೀವು ತಿಳಿದಿದ್ದೀರಿ. ಅರ್ಧ ನಿಜ. ಇನ್ನರ್ಧ, ಅದರ ಕಡ್ಡಿಗಳು ನಿನ್ನೆಯಷ್ಟೇ ಚೆನ್ನಾಗಿ ಕಾಣುತ್ತವೋ ಇಲ್ಲವೋ ಅಂತ ಪರೀಕ್ಷೆ ಮಾಡುತ್ತೇನೆ. ಇರುವ ಒಂದಕ್ಕೂ ಬಂದರೆ ಅನ್ನುವ ಭಯ ನನ್ನ ಜೊತೆಯಲ್ಲೇ ಬೆಳೆದಿದೆ. ಮಂಜು ಬಿದ್ದ ದಿನ ಗಾಲಿ ಮಸುಕಾಗಿ ಕಂಡರೆ ನನ್ನ ಜೀವ ಅರ್ಧ ಹೋಗುತ್ತದೆ. ಪಕ್ಕದ ಮಾರಿಯಮ್ಮನನ್ನು ಕರೆದು “ನಿನಗೆ ಕಾಣುತ್ತದಾ?” ಅಂತ ಕೇಳಿ, ಅವಳಿಗೂ ಕಾಣದಿದ್ದರೆ ಆಮೇಲೆ ಒಲೆ ಹಚ್ಚುತ್ತೇನೆ.

ಈಗ ನನ್ನ ದೊಡ್ಡ ತಪ್ಪಿಗೆ ಬರುತ್ತೇನೆ. ಕರುವಿನ ಸುಳ್ಳು ಇದರ ಮುಂದೆ ಏನೂ ಅಲ್ಲ.

ಶ್ರಾವಣದಲ್ಲಿ ಒಂದು ಸಂಜೆ ನೀವು ಹೊಸ ಬ್ಯಾಟರಿಗೆ ಸೆಲ್ಲು ಹಾಕಿ ಮಗುವಿನ ಮುಖಕ್ಕೆ ಬಿಟ್ಟು ಆಟ ಆಡಿಸುತ್ತಿದ್ದಿರಿ. ಅವಳ ಬಲಗಣ್ಣು ಫಳಕ್ ಅಂತ ಹೊಳೆಯಿತು. ಒಳಗಿನಿಂದ, ಹಳದಿಯಾಗಿ. ನೀವು ಕುಣಿದುಬಿಟ್ಟಿರಿ. “ಬಂಗಾರದ ಕಣ್ಣು ಕಣೇ! ನನ್ ಮಗಳ ಕಣ್ಣಾಗೆ ಬಂಗಾರದ ಎಳೆ ಐತೆ!” ಕಲ್ಲಿನ ಮೇಲೆ ಬೆಳಕು ಬಿಟ್ಟು ಚಿನ್ನ ಹುಡುಕುವ ಜನಕ್ಕೆ ಬೇರೆ ಏನು ತೋಚುತ್ತದೆ? ಆರುಮುಗನನ್ನು ಕರೆದಿರಿ, ಅವನು ಲೈನನ್ನೇ ಕರೆದ. ಎಲ್ಲರೂ ಸಾಲಾಗಿ ಬಂದು ಬ್ಯಾಟರಿ ಬಿಟ್ಟು ನೋಡಿದರು. ಲಕ್ಷ್ಮಿ ಹುಟ್ಟಿದ್ದಾಳೆ ಅಂತ ಮಾರಿಯಮ್ಮ ದೃಷ್ಟಿ ತೆಗೆದಳು. ನನ್ನ ಮುಖ ನೋಡಲು ಹೆದರುವ ಗಂಡಸರು ಶಿಫ್ಟಿಗೆ ಹೋಗುವಾಗ ನನ್ನ ಮಗಳ ಕಣ್ಣು ನೋಡಿ ಹೋಗುವುದಕ್ಕೆ ಶುರುಮಾಡಿದರು.

ನನಗೆ ಆ ಕ್ಷಣವೇ ಗೊತ್ತಾಯಿತು. ನಮ್ಮಮ್ಮ ಎಷ್ಟೋ ಸಲ ಹೇಳಿದ್ದಳು: ದೀಪ ಹಚ್ಚಿ ತಂದಾಗ ನಿನ್ನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಹೊಳೆಯಿತು ಅಂತ. ಗೊತ್ತಾಗಿಯೂ ಸುಮ್ಮನಿದ್ದೆ. ಹೇಳಿದರೆ ಕರುವಿನ ಸುಳ್ಳು ಬಯಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನಗೂ ಅದು ಬಂಗಾರವೇ ಆಗಿರಲಿ ಅಂತ ಆಸೆಯಾಯಿತು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ನೋಡಲು ಜನ ಬಾಗಿಲಿಗೆ ಬರುತ್ತಿದ್ದರಲ್ಲ! ಹೀಗೆ ಮೂರು ತಿಂಗಳು ಹಾಳು ಮಾಡಿದೆ. ದೀಪಾವಳಿಗೆ ಆ ಕಣ್ಣು ಸ್ವಲ್ಪ ಓರೆಯಾದಾಗಲೇ ನಾನು ಬಾಯಿಬಿಟ್ಟು “ಬೆಂಗಳೂರಿಗೆ ಹೋಗೋಣ” ಅಂದದ್ದು. ನೀವು ನನ್ನ ಮೇಲೆ ಕೂಗಾಡಿ, ಹೊಡೆಯಿರಿ, ಆದರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಬೇಡಿ. ನಾನು ಕಳೆದ ದಿನಗಳ ಮೇಲೆ ನೀವು ಇನ್ನೂ ದಿನ ಪೇರಿಸುತ್ತಿದ್ದೀರಿ.

ಭಾನುವಾರ ನಾನು ನಿಮ್ಮೂರಿಗೆ ಬಂದಿದ್ದೆ. ನಿಮಗೆ ಹೇಳಿದರೋ ಇಲ್ಲವೋ. ಅತ್ತೆ ಹೊಸ್ತಿಲಿಗೆ ಅಡ್ಡ ನಿಂತು “ನಿನ್ ಮುಖ ಮಗೀಗೆ ತೋರಿಸ್ಬ್ಯಾಡ, ಓಗು” ಅಂದರು. ಒಳಗೆ ಮಗು ಚೀರುತ್ತಿತ್ತು, ಯಾರೋ ಕಣ್ಣಿಗೆ ಸೊಪ್ಪಿನ ರಸ ಹಿಂಡುತ್ತಿದ್ದರು. ಆ ಚೀರುವುದನ್ನು ಕೇಳಿಸಿಕೊಂಡು ಸ್ಟೇಷನ್ನಿನವರೆಗೆ ಹೇಗೆ ನಡೆದೆನೋ ಗೊತ್ತಿಲ್ಲ. ಅತ್ತೆ ಕೆಟ್ಟವರಲ್ಲ. ಅಮ್ಮನವರಿಗೆ ಬೆಳ್ಳಿ ಕಣ್ಣಿನ ಹರಕೆ ಹೊತ್ತಿದ್ದಾರಂತೆ. ಒಪ್ಪಿಸೋಣ, ನಾನೇ ಉಪವಾಸವಿದ್ದು ಒಪ್ಪಿಸುತ್ತೇನೆ. ಆದರೆ ಆಸ್ಪತ್ರೆಯಿಂದ ಬಂದ ಮೇಲೆ.

ನನ್ನ ಮಾತು ನಂಬಬೇಡಿ, ಸುಳ್ಳಿಯ ಮಾತು ಯಾಕೆ ನಂಬುತ್ತೀರಿ? ಡಾಕ್ಟರ ಮಾತೂ ಬೇಡ. ಒಂದೇ ಒಂದು ಕೆಲಸ ಮಾಡಿ. ಮಗುವಿಗೆ ಕಡಲೆ ಮಿಠಾಯಿ ಅಂದರೆ ಪ್ರಾಣ. ಒಂದು ಚೂರು ಅವಳ ಮುಂದೆ ಹಿಡಿದು, ಮೊದಲು ನಿಮ್ಮ ಅಂಗೈಯಿಂದ ಅವಳ ಬಲಗಣ್ಣು ಮುಚ್ಚಿ. ಏನೂ ಆಗದ ಹಾಗೆ ಕೈ ಚಾಚಿ ತೆಗೆದುಕೊಳ್ಳುತ್ತಾಳೆ. ಆಮೇಲೆ ಎಡಗಣ್ಣು ಮುಚ್ಚಿ. ನಾನು ಮಾಡಿ ನೋಡಿದ್ದೇನೆ. ತಲೆ ಕೊಸರುತ್ತಾಳೆ, ನಿಮ್ಮ ಕೈ ಕೀಳುತ್ತಾಳೆ, ಮಿಠಾಯಿ ಇಲ್ಲಿದ್ದರೆ ಇನ್ನೆಲ್ಲೋ ತಡಕುತ್ತಾಳೆ. ಆ ಕಣ್ಣು ಆಗಲೇ ಹೋಗಿದೆ, ರೀ. ನೀವು ಕಾಯುತ್ತಾ ಕೂತಿರುವುದು ಕಣ್ಣನ್ನಲ್ಲ, ಒಳಗೆ ಸೇರಿಕೊಂಡಿರುವ ಕಳ್ಳನನ್ನು.

ನೀವು ಆ ಕತ್ತಲೆ ಕೋಣೆಯಿಂದ ಹೊರಗೆ ಹೋದ ಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮುಚ್ಚಿಡುವುದಿಲ್ಲ. ಇದು ನನ್ನ ರಕ್ತದಿಂದಲೇ ಬಂದಿರಬಹುದಂತೆ. ಅದಕ್ಕೇ ಎಡಗಣ್ಣನ್ನೂ ಕೆಲವು ವರ್ಷ ಮೂರು ಮೂರು ತಿಂಗಳಿಗೆ ತೋರಿಸುತ್ತಿರಬೇಕು. ಅಲ್ಲೂ ಬಂದರೆ, ಬೇಗ ಗೊತ್ತಾದರೆ, ಏನೋ ಕಿರಣ ಹಾಯಿಸಿ ಉಳಿಸುವ ಪ್ರಯತ್ನ ಮಾಡಬಹುದಂತೆ. ನಾವು ಇನ್ನು ಮೇಲೆ ಹೆದರಿಕೊಂಡೇ ಬದುಕಬೇಕು. ಆದರೆ ಹೆದರಿಕೊಂಡು ಬದುಕಬಹುದು, ನನಗೆ ಗೊತ್ತು. ಅವಳಿಗೆ ಅದನ್ನು ಹೇಳಿಕೊಡಲು ಇಡೀ ಲೈನಿನಲ್ಲಿ ನನ್ನಂಥ ಮೇಷ್ಟ್ರು ಇನ್ನೊಬ್ಬಳಿಲ್ಲ. ಒಂದು ಯೋಚನೆ ನೋಡಿ. ನನ್ನದು ಎಡ ಹೋಗಿದೆ, ಅವಳದು ಬಲ. ಅವಳು ನನ್ನ ಬಲಗಡೆ ಕೈ ಹಿಡಿದು ನಡೆದರೆ ಅವಳ ಒಳ್ಳೆಯ ಕಣ್ಣಿಗೆ ನಾನು ಕಾಣುತ್ತೇನೆ, ನನ್ನ ಒಳ್ಳೆಯ ಕಣ್ಣಿಗೆ ಅವಳು ಕಾಣುತ್ತಾಳೆ. ಆಚೆ ಈಚೆ ಎರಡು ಪಕ್ಕದಿಂದ ಬರುವ ಸೈಕಲ್ಲು ನೋಡಲು ನೀವೊಬ್ಬರು ಸಾಲುತ್ತೀರೋ ಇಲ್ಲವೋ, ಅದೇ ಯೋಚನೆ.

ಇವತ್ತು ಬೆಳಿಗ್ಗೆ ಏನಾಯಿತು ಗೊತ್ತೇ? ಸೈರನ್ ಕೂಗಿತು, ನಾನು ಬಾಗಿಲು ಹಾಕಲು ಎದ್ದೆ. ಆರುಮುಗಂ ಊಟದ ಕ್ಯಾರಿಯರ್ ಹಿಡಿದು ನಮ್ಮ ಬಾಗಿಲ ಮುಂದೆಯೇ ನಿಂತಿದ್ದ. ಸೆರಗು ಮುಖಕ್ಕೆ ಎಳೆದುಕೊಂಡೆ. “ವೇಣಾಂ ಅಕ್ಕಾ, ಮುಚ್ಚಬೇಡ” ಅಂದ. “ಬಚ್ಚಪ್ಪ ಅಣ್ಣ ಓಗೋ ಮುಂಚೆ ನೋಡ್ತಿದ್ದಂಗೆ ನಾನೂ ನೋಡಿ ಓಗ್ತೀನಿ. ಕಾಗದ ಬರೆದಿಡು, ನಾಳೆ ನಾನೇ ಎತ್ಕೊಂಡ್ ಓಗ್ತೀನಿ.” ಎರಡು ನಿಮಿಷ ನನ್ನ ಮುಖ ನೋಡಿ ಶಿಫ್ಟಿಗೆ ಹೋದ. ಈ ಕಾಗದ ನಿಮ್ಮ ಕೈಯಲ್ಲಿದ್ದರೆ, ಅವನು ಸುಖವಾಗಿ ಮೇಲೆ ಬಂದಿದ್ದಾನೆ ಅಂತಲೇ ಅರ್ಥ.

ಸೋಮವಾರ ಬೆಳಿಗ್ಗೆ ಮೊದಲ ಗಾಡಿಗೆ ನಾನು ಬಂಗಾರಪೇಟೆಗೆ ಬರುತ್ತೇನೆ. ಬೆಂಗಳೂರು ಗಾಡಿ ನಿಲ್ಲುವ ಕಡೆ, ನೀರಿನ ಕೊಳಾಯಿಯ ಹತ್ತಿರ ನಿಂತಿರುತ್ತೇನೆ. ಮಗುವಿನ ಎರಡು ಲಂಗ, ಮರದ ಗಿಳಿ ನನ್ನ ಚೀಲದಲ್ಲಿವೆ. ಮುಖಕ್ಕೆ ಸೆರಗು ಹಾಕಿರುವುದಿಲ್ಲ. ಗಾಡಿ ಬಂದು ಹೋದರೂ ಅಲ್ಲೇ ನಿಂತಿರುತ್ತೇನೆ, ಮುಂದಿನ ಗಾಡಿಗೂ ನಿಂತಿರುತ್ತೇನೆ. ಆರು ವರ್ಷ ಪಾತಾಳಕ್ಕೆ ಇಳಿಯುವ ಮುಂಚೆ ಯಾವ ಮುಖ ನೋಡಿ, ಬದುಕಿ ತಿರುಗಿ ಬಂದಿರೋ, ಆ ಮುಖವನ್ನು ಇದೊಂದು ಸಲ ಮಗುವನ್ನು ಎತ್ತಿಕೊಂಡು ಬಂದು ನೋಡಿ. ಅವಳಿಗೂ ತೋರಿಸಿ. ಅವಳೂ ಇಳಿಯಬೇಕಾಗಿದೆ, ಅವಳೂ ತಿರುಗಿ ಬರಬೇಕು.

ನಮ್ಮ ಆದಿ ನೂರು ವರ್ಷ ಒಂದೇ ಕಣ್ಣಿನಲ್ಲಿ ಲೋಕವೆಲ್ಲ ನೋಡಲಿ. ನಿಮ್ಮ ಹೆಸರು ಬರೆದ ಪಾಪ ನನಗಿರಲಿ, ಆಯುಸ್ಸು ನಿಮಗಿರಲಿ.

ಯಾವಾಗಲೂ ನಿಮ್ಮ ಬಲಕ್ಕೆ ನಡೆಯುವ,
ವೆಂಕಟರತ್ನ